ಲೋಡುದಿಂಬಿಗೆ ಬಂದ ಹೆರಿಗೆ ನೋವು

ಮನೆಯಲ್ಲಿ ಒಬ್ಬ ಹೆಂಗಸಿನ ಮಾತು ನಡೆದರೆ ಅದಕ್ಕೆ ಸಂಸಾರ ಎನ್ನುತ್ತಾರೆ, ಇಬ್ಬರದು ನಡೆದರೆ ಜಗಳ. ಮೂವರದೂ ನಡೆಯುವ ಮನೆಯಲ್ಲಿ ಗಂಡಸಿಗೆ ಉಳಿಯುವುದು ಬಾಲ್ಕನಿ. ಸದ್ಯ ನಾನು ಅಲ್ಲಿಂದಲೇ ಬರೆಯುತ್ತಿದ್ದೇನೆ. ಬೆನ್ನಿಗೆ ಒರಗಲು ಒಂದು ಲೋಡುದಿಂಬಿದೆ. ನನ್ನ ಮಾನ ಹರಾಜಾದದ್ದು ಈ ದಿಂಬಿನ ದೆಸೆಯಿಂದಲೇ ಆದರೂ, ಬಾಲ್ಕನಿಯಲ್ಲಿ ಕೂತವನಿಗೆ ದಿಂಬಿನ ಮೇಲೆ ಸಿಟ್ಟು ಮಾಡಿಕೊಳ್ಳುವ ಅನುಕೂಲವಿಲ್ಲ.

ನನ್ನ ಹೆಸರು ಶಿವಪ್ರಸಾದ್. ಊರು ಹುಬ್ಬಳ್ಳಿ, ಹೊಟ್ಟೆಪಾಡು ನಾಗಪುರ. ರೈಲ್ವೆಯಲ್ಲಿ ಕ್ರೂ ಕಂಟ್ರೋಲರ್. ಅಂದರೆ ಯಾವ ಗಾಡಿಗೆ ಯಾವ ಡ್ರೈವರ್, ಯಾವ ಗಾರ್ಡ್ ಹೋಗಬೇಕೆಂದು ಗೊತ್ತುಮಾಡಿ, ಅವರನ್ನು ಹಾಸಿಗೆಯಿಂದ ಎಬ್ಬಿಸಿ ಡ್ಯೂಟಿಗೆ ಅಟ್ಟುವವನು. ನಾನು ಗಾಡಿ ಓಡಿಸುವುದಿಲ್ಲ, ಹಸಿರು ಬಾವುಟವನ್ನೂ ತೋರಿಸುವುದಿಲ್ಲ. ಎಲ್ಲರನ್ನೂ ಕಳಿಸಿ ಕುರ್ಚಿಯಲ್ಲಿ ಕೂರುತ್ತೇನೆ. ನನ್ನ ದಯೆಯಿಂದ ಎಷ್ಟೋ ಡ್ರೈವರುಗಳು ತಮ್ಮ ಮಕ್ಕಳು ಹುಟ್ಟುವ ಹೊತ್ತಿಗೆ ದೂರದ ಆಮ್ಲಾ ಸ್ಟೇಷನ್ನಿನಲ್ಲಿ ಇಂಜಿನ್ ಮೇಲೆ ಕೂತು ಸಿಗ್ನಲ್ಲಿಗಾಗಿ ಕಾದಿದ್ದಾರೆ. ಮರುದಿನ ಪೇಢೆ ಹಿಡಿದುಕೊಂಡು ಬಂದು, "ಸಾಹೇಬ್, ಬೇಟಾ ಹುವಾ. ಹಮ್ ತೋ ಆಮ್ಲಾ ಮೇ ಥೇ" ಎನ್ನುತ್ತಾರೆ. ಆ ಪೇಢೆ ನನ್ನ ಗಂಟಲಲ್ಲಿ ಸಲೀಸಾಗಿ ಇಳಿದದ್ದೇ ಇಲ್ಲ.

ಹಾಗಾಗಿ ನನ್ನ ಹೆಂಡತಿ ಸಂಹಿತಾ ಬಸುರಿ ಎಂದು ತಿಳಿದ ದಿನವೇ ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದೆ. ನನ್ನ ಮಗು ಹುಟ್ಟುವಾಗ ಲೋಕದ ಯಾವ ಮೂಲೆಯಲ್ಲಿದ್ದರೂ ಸರಿ, ಆಮ್ಲಾದಲ್ಲಿ ಇರುವುದಿಲ್ಲ. ಅದು ಕಣ್ಣು ಬಿಟ್ಟಾಗ ಎದುರಿಗೆ ನಾನೇ ಇರಬೇಕು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಬದುಕಿನಲ್ಲಿ ನಾನು ಅಷ್ಟೊಂದು ಆಸೆಪಟ್ಟದ್ದು ಅದೊಂದಕ್ಕೇ.

ಧರಮಪೇಠದ ನರ್ಸಿಂಗ್ ಹೋಮಿನ ಡಾಕ್ಟರ್ ಬಾಯಿ (ಲೇಡಿ ಡಾಕ್ಟರನ್ನು ಇಲ್ಲಿ ಕರೆಯುವುದು ಹಾಗೆ) ಬಹಳ ಒಳ್ಳೆಯವರು. ಒಂದು ದಿನ ನಗುನಗುತ್ತ, "ಹೆರಿಗೆ ಕೋಣೆಯೊಳಗೆ ಮನೆಯವರು ಒಬ್ಬರು ಇರಬಹುದು. ಒಬ್ಬರೇ! ಯಾರೆಂದು ಮೊದಲೇ ನಿರ್ಧರಿಸಿಕೊಂಡು ಬನ್ನಿ" ಎಂದು ಹಿಂದಿಯಲ್ಲಿ ಹೇಳಿದರು. ಅವರಿಗೇನು ಗೊತ್ತು, ಕುರುಕ್ಷೇತ್ರ ನಡೆದದ್ದೂ ಇಷ್ಟೇ ಸಣ್ಣ ಜಾಗಕ್ಕೆ ಎಂದು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಸಂಹಿತಾಳ ತವರು ಮೈಸೂರು. "ಅಷ್ಟು ದೂರ ಕುಲುಕಿಸ್ಕೊಂಡು ನಾನು ಬರಲ್ಲ, ನನ್ನ ಡಾಕ್ಟ್ರು ಇಲ್ಲಿದ್ದಾರೆ" ಎಂದು ಅವಳು ಹಟ ಹಿಡಿದಳು. ಮಗಳು ತವರಿಗೆ ಬರದಿದ್ದರೆ ಏನಂತೆ, ನನ್ನ ಅತ್ತೆ ಇಂದುಮತಿಯವರು ತವರನ್ನೇ ಕಟ್ಟಿಕೊಂಡು ನಾಗಪುರಕ್ಕೆ ಬಂದಿಳಿದರು. ಸ್ಟೀಲ್ ಡಬ್ಬಗಳು, ಬಾಣಂತಿ ಲೇಹ್ಯ, ಬಜೆ ಬೇರು, ಹರಳೆಣ್ಣೆ, ಒಗೆದು ಮೆತ್ತಗಾದ ಹಳೆಯ ಸೀರೆಗಳ ಗಂಟು. ಅಜನಿಯ ನಮ್ಮ ರೈಲ್ವೆ ಕ್ವಾರ್ಟರ್ಸನ್ನು ಒಂದು ಸುತ್ತು ಹಾಕಿ, ನಮ್ಮ ಮಲಗುವ ಕೋಣೆಯ ಮುಂದೆ ನಿಂತು ಘೋಷಿಸಿದರು: "ಅಳಿಯಂದ್ರೇ, ಇವತ್ತಿಂದ ಈ ರೂಮು ತವರುಮನೆ. ಒಳಗೆ ಬರೋ ಮುಂಚೆ ಒಂದು ಸಲ ಕೆಮ್ಮಿ."

ಬಾಗಿಲಿಗೆ ಹೂವಿನ ಪರದೆ ಬಿತ್ತು. ನನ್ನ ಹಾಸಿಗೆ ಹಾಲಿಗೆ ವರ್ಗವಾಯಿತು. ತವರಿಗೆ ಬರುವ ಅಳಿಯ ಬರಿಗೈಯಲ್ಲಿ ಬರಬಾರದಲ್ಲ? ಅದಕ್ಕೇ ಬೀರುವಿನಿಂದ ನನ್ನದೇ ಅಂಗಿ ತರಲು ಹೋದರೂ ಕೈಯಲ್ಲೊಂದು ಬಾಳೆಹಣ್ಣು ಹಿಡಿದುಕೊಂಡು, ಕೆಮ್ಮಿ, ಒಳಗೆ ಹೋಗುತ್ತಿದ್ದೆ. (ಅತ್ತೆಯವರೂ ಪದ್ಧತಿ ಬಿಟ್ಟವರಲ್ಲ. ಹೊರಡುವಾಗ ಅಂಗಿಯ ಜೊತೆಗೆ ಎರಡು ಎಲೆ, ಒಂದು ಅಡಿಕೆ ಕೊಟ್ಟು ಕಳಿಸುತ್ತಿದ್ದರು.)

ಸುದ್ದಿ ಹುಬ್ಬಳ್ಳಿಗೆ ಮುಟ್ಟಿತು. "ತವರಮನೀನ ನಡಕೊಂಡ ಬಂದೈತಿ ಅಂದಮ್ಯಾಲೆ ಅತ್ತಿಮನಿ ಯಾಕ ಹಿಂದ ಉಳೀಬೇಕು?" ಎಂದು ನನ್ನ ಅವ್ವ ಯಲ್ಲಮ್ಮ ಮುಂದಿನ ಗಾಡಿಗೇ ಬಂದಳು. ಹಾಲ್, ಅಡುಗೆಮನೆ ಎರಡೂ ಅವಳ ಸಂಸ್ಥಾನವಾದವು. ಅವ್ವನ ದನಿಯ ಬಗ್ಗೆ ಒಂದು ಮಾತು ಹೇಳಬೇಕು. ಅವಳು ಅಜನಿಯಲ್ಲಿ ನಿಂತು ಗುಟ್ಟು ಹೇಳಿದರೆ ಹತ್ತಾರು ಮೈಲಿ ಆಚೆಯ ಸಾವನೇರ್‌ನ ಕಲ್ಲಿದ್ದಲ ಗಣಿಯೊಳಗೆ ಇರುವವರಿಗೂ ಗೊತ್ತಾಗುತ್ತದೆ.

ಒಂದು ಸಂಜೆ ಗಡಿಯಲ್ಲಿ, ಅಂದರೆ ಹೂವಿನ ಪರದೆಯ ಬುಡದಲ್ಲಿ, ಉಭಯ ರಾಜ್ಯಗಳ ಮಾತುಕತೆ ಏರ್ಪಟ್ಟಿತು.

"ಇದರಲ್ಲಿ ಯೋಚ್ನೆ ಮಾಡೋದೇನಿದೆ? ನಾನೇ ಒಳಗಿರ್ತೀನಿ" ಎಂದರು ಅತ್ತೆ. "ಹೆರಿಗೆ ಹೊತ್ನಲ್ಲಿ ಹೆತ್ತ ತಾಯಿ ಬಿಟ್ಟು ಇನ್ಯಾರು? ಅಲ್ದೆ, ಹುಟ್ಟಿದ ಮಗೂನ ಮೊದಲು ಎತ್ಕೊಂಡೋರ ಗುಣಾನೇ ಮಗೂಗೆ ಬರೋದು."

"ನನ್ನ ಗುಣ ಬಂದ್ರ ಏನ್ ಕೆಡತೈತ್ರಿ ಬೀಗರ?" ಎಂದಳು ಅವ್ವ.

"ಅಯ್ಯೋ, ಗುಣದ ಮಾತಲ್ಲ. ಧ್ವನಿ... ಅಷ್ಟೆ."

"ಧ್ವನಿ ಗಟ್ಟಿ ಇದ್ರ ಕೂಸು ಬದುಕತೈತಿ. ನಿಮ್ಮಂಗ ಪಿಸಿಪಿಸಿ ಅಂದ್ರ ಅದು ಹಾಲು ಕೇಳಿದ್ದೂ ಯಾರಿಗೂ ತಿಳಿಯಂಗಿಲ್ಲ. ಕೂಸು ನಮ್ಮ ಮನಿತನದ್ದು. ನಮ್ಮ ಕೈಗೇ ಮೊದಲ ಬರಬೇಕು."

ನಾನು ಗಂಟಲು ಸರಿಮಾಡಿಕೊಂಡೆ. "ನಾ ಏನ್ ಅಂತೀನಿ ಅಂದ್ರ, ಒಳಗ ನಾನ..."

"ಗಂಡಸ್ರಾ!" ಎಂದರು ಅತ್ತೆ.

"ನೀ ಅಲ್ಲಿ ಏನ್ ಮಾಡಾಂವ? ಬಾವುಟಾ ತೋರಸ್ತೀ?" ಎಂದಳು ಅವ್ವ.

ಬೀಗಿತ್ತಿಯರಿಬ್ಬರೂ ಒಂದೇ ಮಾತಿಗೆ ಬಂದದ್ದು ಅದೇ ಮೊದಲು. ಆಗ ಪರದೆಯ ಒಳಗಿಂದ ಸಂಹಿತಾಳ ದಣಿದ ಸ್ವರ ಕೇಳಿತು. "ಯಾರಾದ್ರೂ ಬನ್ನಿ, ನನಗೆ ಪರವಾಗಿಲ್ಲ. ಕೈ ಹಿಡ್ಕೊಂಡು, ಬಾಯಿ ಮುಚ್ಕೊಂಡು ಕೂರೋರು ಒಬ್ರು ಬೇಕು, ಅಷ್ಟೆ. ಅಂಥೋರು ನಿಮ್ಮ ಮೂವರಲ್ಲಿ ಯಾರಿದೀರಾ?"

ನಾವು ಮೂವರೂ ಒಟ್ಟಿಗೇ ಮಾತಾಡಲು ಶುರುಮಾಡಿದೆವು. ಅವಳು ಫ್ಯಾನ್ ಜೋರು ಮಾಡಿಕೊಂಡಳು.

ಆ ರಾತ್ರಿ ಹಾಲಿನಲ್ಲಿ ಮಲಗಿ ಸೂರು ನೋಡುತ್ತಿದ್ದಾಗ ನನ್ನ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ಮಾಕ್ ಡ್ರಿಲ್! ರೈಲ್ವೆಯಲ್ಲಿ ಆಗಾಗ ಸುಳ್ಳು ಅಪಘಾತ ಮಾಡುತ್ತೇವೆ. ಬೋಗಿ ಬಿದ್ದಂತೆ ನಟಿಸಿ, ಬೊಂಬೆಗಳಿಗೆ ಬ್ಯಾಂಡೇಜ್ ಕಟ್ಟಿ, ಯಾರು ಎಷ್ಟು ಚುರುಕಾಗಿ ಬರುತ್ತಾರೆ ಎಂದು ಪರೀಕ್ಷಿಸುತ್ತೇವೆ. ಹೆರಿಗೆಗೂ ಹಾಗೆಯೇ ಒಂದು ಡ್ರಿಲ್ ಮಾಡುವುದು. ಸುಳ್ಳು ನೋವಿನ ಕರೆಗೆ ಎದ್ದು, ಹೊರಟು, ನರ್ಸಿಂಗ್ ಹೋಮ್ ಮುಟ್ಟಿ, ತಲೆ ಕೆಡಿಸಿಕೊಳ್ಳದೆ ನಿಂತವರೇ ಹೆರಿಗೆ ಕೋಣೆಗೆ ಅರ್ಹರು. ಬಾರದವರು ಅನರ್ಹರು. ಇದಕ್ಕಿಂತ ನ್ಯಾಯ ಉಂಟೆ? ಬೆಳಗಾಗುತ್ತಲೇ ಬೀಗಿತ್ತಿಯರಿಗೆ ನಿಯಮ ಸಾರಿದೆ.

(ನ್ಯಾಯದ ಒಳಗೊಂದು ಕಿತಾಪತಿಯೂ ಇತ್ತು. ಅವ್ವ ಇಂಥ ನಾಟಕಕ್ಕೆ ಕಾಲಿಡುವವಳಲ್ಲ. ಇನ್ನು ಅತ್ತೆ ರಾಹುಕಾಲದಲ್ಲಿ ಹೊಸಿಲು ದಾಟುವವರಲ್ಲ. ಆದ್ದರಿಂದ ಡ್ರಿಲ್ಲನ್ನು ಭಾನುವಾರ ಸಂಜೆ ನಾಲ್ಕೂವರೆಯ ನಂತರ, ಸರಿಯಾಗಿ ರಾಹುಕಾಲದಲ್ಲಿ ಇಟ್ಟೆ. ಉಳಿಯುವವನು ಯಾರು?)

ಸಂಹಿತಾಳನ್ನು ಆಟೋದಲ್ಲಿ ಕುಲುಕಿಸುವಂತಿರಲಿಲ್ಲ. ಅವಳ ಬದಲಿಗೆ ಈ ಲೋಡುದಿಂಬಿಗೆ ಅವಳ ದುಪಟ್ಟಾ ಹೊದಿಸಿದೆ. ಅವಳ ಪಾಲಿಗೆ ಒಂದೇ ಕೆಲಸ ಬಿಟ್ಟೆ. "ನಾವು ಹ್ವಾದಮ್ಯಾಲೆ ಒಂದ ಫೋನ್ ಹಚ್ಚು. ನೋವು ಜಾಸ್ತಿ ಆತು ಅಂತ ಅಳು. ಆವಾಗ ಗಾಬರಿ ಆಗದ ಯಾರು ಇರ್ತಾರ ನೋಡೂಣು."

"ನಿನಗೆ ಹುಚ್ಚು" ಎಂದಳು.

"ಒಂದ ಫೋನು, ಅಷ್ಟ."

"ಮನೆ ಸ್ವಲ್ಪ ಹೊತ್ತು ಖಾಲಿ ಆಗತ್ತೆ ಅಂದ್ರೆ ಮಾಡ್ತೀನಿ."

ಭಾನುವಾರ ಸಂಜೆ ನಾನು ಹಾಲಿನ ನಡುವೆ ನಿಂತು ಕೂಗಿದೆ: "ನೋವು ಬಂತು!"

ಬೆಳ್ಳುಳ್ಳಿ ಸುಲಿಯುತ್ತಿದ್ದ ಅವ್ವ ತಲೆಯನ್ನೂ ಎತ್ತಲಿಲ್ಲ. "ಯಾರಿಗೆ?"

"ದಿಂಬಿಗೆ."

"ದಿಂಬಿಗೆ ನೋವು ಬಂದ್ರ ಹತ್ತಿ ಹಿಂಜಾಂವನ್ನ ಕರಿ. ಡಾಕ್ಟರ್ ಯಾಕ?"

ಅವ್ವ ಅನರ್ಹಳಾದಳು. ನಾನು ಒಳಗೊಳಗೇ ಹಿಗ್ಗುತ್ತ ಬಾಗಿಲ ಕಡೆ ತಿರುಗಿದರೆ, ಅತ್ತೆ ರೇಷ್ಮೆ ಅಂಚಿನ ಸೀರೆ ಉಟ್ಟು, ಕೈಯಲ್ಲಿ ಫ್ಲಾಸ್ಕು, ಬಗಲಲ್ಲಿ ಬ್ಯಾಗು ಸಮೇತ ನಿಂತಿದ್ದಾರೆ!

"ಅತ್ತೀ, ಈಗ ರಾಹುಕಾಲ ಅಲ್ಲೇನ್ರಿ?"

"ದಿಂಬಿಗೆ ಎಂಥ ರಾಹುಕಾಲ ಅಳಿಯಂದ್ರೇ? ನಡೀರಿ, ನಡೀರಿ."

ಆಟೋದಲ್ಲಿ ಆಚೆ ಅತ್ತೆ, ಈಚೆ ನಾನು, ನಡುವೆ ದುಪಟ್ಟಾ ಹೊದ್ದ ದಿಂಬು. ಸೀತಾಬರ್ಡಿ ಮುಟ್ಟುವಷ್ಟರಲ್ಲಿ ಭಾನುವಾರದ ಪೇಟೆ ರಸ್ತೆಯ ಮೇಲೆಯೇ ನಿಂತಿತ್ತು. ಬಟ್ಟೆ ರಾಶಿ, ಚಪ್ಪಲಿ ರಾಶಿ, ಅವುಗಳ ನಡುವೆ ಜನರಾಶಿ. ನಮ್ಮ ಆಟೋ ಮುಂದೂ ಹೋಗದು, ಹಿಂದೂ ಬಾರದು. ಆಗಲೇ ಫೋನು ಬಂತು.

"ಪ್ರಸಾದ್... ಅಯ್ಯೋ... ಪ್ರಸಾದ್, ನೋವು ಶುರುವಾಗಿದೆ. ನಿಜವಾಗ್ಲೂ..."

ಎಂಥ ಅಭಿನಯ! ಉಸಿರು ಕಟ್ಟಿದ ಹಾಗೆ, ನಡುನಡುವೆ ಹಲ್ಲು ಕಚ್ಚಿದ ಹಾಗೆ! ಇಷ್ಟು ದಿನ ಇವಳಲ್ಲಿ ಇಂಥ ಕಲೆ ಅಡಗಿತ್ತು ಎಂಬುದು ನನಗೆ ಗೊತ್ತೇ ಇರಲಿಲ್ಲ. ನಾನು ಮನಃಪೂರ್ವಕವಾಗಿ ಹುರಿದುಂಬಿಸಿದೆ. "ಶಹಬ್ಬಾಸ್! ಭಾಳ ಖರೇ ಅನಸಾಕತ್ತೈತಿ. ಇನ್ನೂ ಸ್ವಲ್ಪ ಜೋರ ಮಾಡು!"

ಆ ಕಡೆಯಿಂದ ಅವ್ವನ ದನಿ ಬಂತು. ಸೀತಾಬರ್ಡಿಯ ಹಾರ್ನುಗಳೆಲ್ಲ ಅದರ ಮುಂದೆ ಸಪ್ಪೆ. "ಏ ಹುಚ್ಚಪ್ಪಾ! ಆಕಿಗೆ ಖರೇನ ಬ್ಯಾನಿ ಬಂದಾವ! ಜಲ್ದಿ ಬಾ!"

ನನಗೆ ಕಣ್ಣಲ್ಲಿ ನೀರೇ ಬಂತು. ಬರುವುದಿಲ್ಲ ಎಂದಿದ್ದ ಅವ್ವ ಕೊನೆಗೂ ಡ್ರಿಲ್ಲಿಗೆ ಸೇರಿಕೊಂಡಳಲ್ಲ! "ಅವ್ವಾ, ನೀನೂ ಕೂಡಿದೇನ? ಭಾಳ ಚಲೋ ಆತ ನೋಡು" ಎಂದೆ. ಅವ್ವ ಹುಬ್ಬಳ್ಳಿಯ ಕಡೆಯದೊಂದು ಮಾತು ಹೇಳಿ ಫೋನು ಕುಕ್ಕಿದಳು. ಆ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಡ್ರಿಲ್ಲಿನಲ್ಲಿ ಇಷ್ಟು ತನ್ಮಯತೆ ನಮ್ಮ ರೈಲ್ವೆಯವರಿಗೂ ಬರುವುದಿಲ್ಲ ಎಂದುಕೊಂಡೆ.

"ಏನಂತೆ?" ಎಂದರು ಅತ್ತೆ.

"ಎಲ್ಲಾ ಬರೋಬರ್ ನಡದೈತ್ರಿ" ಎಂದೆ.

ನರ್ಸಿಂಗ್ ಹೋಮ್ ಮುಟ್ಟಿ, ದಿಂಬನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ನುಗ್ಗಿದೆ. ಬಾಗಿಲ ಬಳಿಯಿದ್ದ ವಯಸ್ಸಾದ ಸಿಸ್ಟರ್ ಓಡಿ ಬಂದು, "ಪೇಶಂಟ್ ಕಹಾಂ ಹೈ?" ಎಂದರು. ನಾನು ದಿಂಬು ತೋರಿಸಿದೆ. ಅವರು ದುಪಟ್ಟಾ ಸರಿಸಿ ನೋಡಿದರು. ನನ್ನ ಮುಖ ನೋಡಿದರು. ತುಂಬ ಮೃದುವಾಗಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಅತ್ತೆಯವರನ್ನು ಪಕ್ಕಕ್ಕೆ ಕರೆದು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು, "ಇವರಿಗೆ ಈ ತೊಂದರೆ ಯಾವಾಗಿನಿಂದ?" ಮರಾಠಿ ಬಾರದ ಅತ್ತೆ ಮರ್ಯಾದೆಗೆ ನಕ್ಕು ಹೂಂಗುಟ್ಟಿದರು.

ಇದು ಡ್ರಿಲ್ಲು, ಡಾಕ್ಟರ್ ಬಾಯಿಗೆ ಮೊದಲೇ ಹೇಳಿದ್ದೇನೆ ಎಂದು ನಾನು ಎಷ್ಟು ಹೇಳಿದರೂ ಸಿಸ್ಟರ್, "ಹೋ, ಹೋ. ಪಾಣೀ ಪ್ಯಾ" (ಹೌದೌದು, ನೀರು ಕುಡಿಯಿರಿ) ಎಂದು ಇನ್ನೊಂದು ಲೋಟ ನೀರು ಮುಂದೆ ಹಿಡಿದರು.

ಅಷ್ಟರಲ್ಲಿ ಹೊರಗಿಂದ, ಆಟೋ ಕಾಣುವ ಮೊದಲೇ, ದನಿ ಬಂತು. "ಏ, ಬಾಜೂಕ ಸರೀರಿ! ಹಟ್! ಹಾದಿ ಬಿಡ್ರಿ!"

ಕೈಯಲ್ಲಿದ್ದ ಲೋಟ ಬಿತ್ತು. ಡ್ರಿಲ್ಲಿನಲ್ಲಿ ಈ ದೃಶ್ಯ ಇರಲಿಲ್ಲ. ಅವ್ವನ ತೋಳು ಹಿಡಿದು, ಒಂದೇ ಕಾಲಿಗೆ ಚಪ್ಪಲಿ ಇದ್ದ ಸಂಹಿತಾ ಆಟೋದಿಂದ ಇಳಿಯುತ್ತಿದ್ದಳು. ಮುಖ ಬೆವರಿನಲ್ಲಿ ತೊಯ್ದಿತ್ತು. ಡಾಕ್ಟರ್ ಕೊಟ್ಟ ದಿನಕ್ಕೆ ಇನ್ನೂ ಎಷ್ಟೋ ದಿನವಿತ್ತು. ಆದರೆ ಮಗುವಿಗೆ ನಮ್ಮ ಕ್ಯಾಲೆಂಡರ್ ಯಾರು ತೋರಿಸಿದ್ದರು?

ನಾನು ಓಡಿಹೋದೆ. "ಸಂಹಿತಾ! ಖರೇನ?"

ಅವಳು ನನ್ನನ್ನು ನೋಡಿದಳು. ಕುರ್ಚಿಯ ಮೇಲೆ ತನ್ನ ದುಪಟ್ಟಾ ಹೊದ್ದು ಕೂತಿದ್ದ ದಿಂಬನ್ನು ನೋಡಿದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಸಿಸ್ಟರ್ ಹೆರಿಗೆ ಕೋಣೆಯ ಬಾಗಿಲು ತೆರೆದು, ಒಳಗೆ ಯಾರು ಬರುತ್ತೀರಿ ಎಂದು ಕೇಳಿದರು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅತ್ತೆ ಎರಡು ಹೆಜ್ಜೆ ಮುಂದಿಟ್ಟರು. ಸಂಹಿತಾ ಅವ್ವನ ಕೈ ಬಿಡದೆ, "ಇವರು" ಎಂದಳು.

"ನಾನು ನಿನ್ನ ತಾಯಿ ಕಣೇ!" ಎಂದು ಅತ್ತೆ ಅಳುವ ದನಿ ತೆಗೆದರು.

"ಅಮ್ಮಾ, ನೀನು ದಿಂಬಿನ ಜೊತೆ ಬಂದಿದ್ದೀಯ. ಅದನ್ನ ನೋಡ್ಕೋ."

ಬಾಗಿಲು ಮುಚ್ಚಿತು.

ಆಮೇಲಿನದು ವಿವರಿಸುವಂಥದಲ್ಲ. ಹೊರಗಿನ ಬೆಂಚಿನ ಮೇಲೆ ನಾನು, ಅತ್ತೆ, ನಡುವೆ ದಿಂಬು. ಅತ್ತೆಯವರ ಹೊಟ್ಟೆಯುರಿ ರಾಹುಕಾಲ ಮುಗಿಯುವವರೆಗೆ ಇತ್ತು, ಅಲ್ಲಿಂದಾಚೆಗೆ ಬರೀ ಭಯ. ನನಗಂತೂ ಬೇರೆಯೇ ಭಯ. ಒಳಗಿನಿಂದ ಅವ್ವನ ದನಿ ಕೇಳುತ್ತಲೇ ಇರಲಿಲ್ಲ. ಹುಟ್ಟಿದಾಗಿನಿಂದ ನಾನು ಅವ್ವನ ಮೌನವನ್ನು ಕೇಳಿದವನಲ್ಲ.

"ಅಳಿಯಂದ್ರೇ, ನಿಮ್ಮ ತಾಯಿ ಧ್ವನೀನೇ ಇಲ್ವಲ್ಲ. ಏನಾದ್ರೂ ಹೆಚ್ಚುಕಮ್ಮಿ ಆಗಿರಬಹುದಾ?" ಎಂದು ಅತ್ತೆ ನನ್ನ ಕೈ ಹಿಡಿದರು. ನಾನೂ ಹಿಡಿದುಕೊಂಡೆ. ಅಲ್ಲಿಗೆ ಬಾಯಿ ಮುಚ್ಚಿಕೊಂಡು ಕೈ ಹಿಡಿದು ಕೂರುವ ಅರ್ಹತೆ ನಮ್ಮಿಬ್ಬರಿಗೂ ಬಂದಿತ್ತು. ಆದರೆ ಬಾಗಿಲಿನ ತಪ್ಪು ಮಗ್ಗುಲಲ್ಲಿ.

ಬೆಳಕು ಹರಿಯುವ ಹೊತ್ತಿಗೆ ಒಂದು ಅಳು ಕೇಳಿತು. ಗಟ್ಟಿಯಾದ, ಸಾವನೇರ್‌ವರೆಗೆ ಹೋಗಬಲ್ಲ ಅಳು. ಅತ್ತೆ ಅಳುತ್ತಲೇ ನಕ್ಕರು. "ನಾನು ಹೇಳ್ಲಿಲ್ವಾ, ಮೊದಲು ಎತ್ಕೊಂಡೋರ ಗುಣ ಅಂತ!"

ಅವ್ವ ಹೊರಗೆ ಬಂದಳು. "ಹೆಣ್ಣು ಕೂಸು. ಇಬ್ರೂ ಆರಾಮ ಅದಾರ" ಎಂದು, ಅವಳಿಗೆ ಸಾಧ್ಯವೆಂದು ನಾನು ನಂಬದಷ್ಟು ಮೆಲ್ಲಗೆ ಹೇಳಿ, ಬೆಂಚಿನ ಮೇಲೆ ಕೂತು ತನ್ನ ಮುಂಗೈ ತಿಕ್ಕಿಕೊಂಡಳು. ಅಲ್ಲಿ ಸಂಹಿತಾಳ ಉಗುರುಗಳ ಗುರುತು ಕೆಂಪಗೆ ಸಾಲಾಗಿ ಎದ್ದಿತ್ತು.

ತಾಯಿ-ಮಗುವನ್ನು ಬೇರೆ ಕೋಣೆಗೆ ತಂದರು. ನಾನು ಎದ್ದು ಓಡುವಷ್ಟರಲ್ಲಿ ಅತ್ತೆ ಒಳಗೆ ಸೇರಿ ಬಾಗಿಲಲ್ಲಿ ಅಡ್ಡ ನಿಂತಿದ್ದರು. ಹೂವಿನ ಪರದೆಯೊಂದೇ ಕಡಿಮೆ.

"ಅಳಿಯಂದ್ರೇ, ಈಗ ಇದೇ ತವರುಮನೆ. ಮೊದಲನೇ ಸಲ ಮಗೂ ಮುಖ ನೋಡ್ತಿದ್ದೀರಿ. ಬರಿಗೈಲಾ?"

ನಾನು ಅಸಹಾಯಕನಾಗಿ ದಿಂಬು ತೋರಿಸಿದೆ.

"ಅದು ಮನೇದೇ ಅಲ್ವಾ? ಹೋಗಿ, ಏನಾದ್ರೂ ಸಿಹಿ ತನ್ನಿ."

ಆ ಬೆಳಗಿನ ಹೊತ್ತಿಗೆ ಧರಮಪೇಠದಲ್ಲಿ ಯಾವ ಮಿಠಾಯಿ ಅಂಗಡಿ ತೆರೆದೀತು? ತೆರೆದಿದ್ದದ್ದು ತರ್ರಿ ಪೋಹೆಯ ಗಾಡಿ ಒಂದೇ. ತರ್ರಿ ಎಂಬ ಕೆಂಪು ಖಾರದ ಸಾರು ಸುರಿದ ಅವಲಕ್ಕಿಯನ್ನು ಬಾಣಂತಿಗೆ ಕೊಟ್ಟರೆ ನನ್ನನ್ನು ಸುಮ್ಮನೆ ಬಿಡುತ್ತಾರೆಯೇ? ಕೊನೆಗೆ ಹಾಲಿನ ಅಂಗಡಿಯವನನ್ನು ಕಾಡಿ ಬೇಡಿ ಒಂದು ಪೊಟ್ಟಣ ಸಕ್ಕರೆ ಕೊಂಡೆ. ರಾತ್ರಿಯಿಡೀ ಉಪವಾಸವಿದ್ದ ಅವ್ವನಿಗೆ ಪೋಹೆಯನ್ನೂ ಕಟ್ಟಿಸಿಕೊಂಡು ಓಡಿಬಂದೆ.

ಮೆಟ್ಟಿಲಲ್ಲಿ ಖಾಕಿ ಅಂಗಿಯವನೊಬ್ಬ ಕೈಯಲ್ಲಿ ಪೇಢೆ ಹಿಡಿದು ಇಳಿದು ಬರುತ್ತಿದ್ದ. ಹಿಂದಿನ ಸಂಜೆ ಅವ್ವ ಹಿಡಿದು ತಂದ ಆಟೋದವನು. ಆಟೋದಲ್ಲಿ ಬಿದ್ದುಹೋದ ಸಂಹಿತಾಳ ಚಪ್ಪಲಿ ಕೊಡಲು ಬರುವಾಗ ಮನೆಯಲ್ಲಿದ್ದ ಪೇಢೆಯನ್ನೂ ಹಿಡಿದು ಬಂದಿದ್ದನಂತೆ. ಬರಿಗೈಯಲ್ಲಿ ಬಾರದವನನ್ನು ಅತ್ತೆ ಆದರದಿಂದ ಒಳಗೆ ಕರೆದು, ಮಗು ತೋರಿಸಿ, ಅವನ ಪೇಢೆಯಲ್ಲೇ ಒಂದನ್ನು ಅವನಿಗೂ ಕೊಟ್ಟು ಕಳಿಸಿದ್ದರು.

"ಏಕದಮ್ ಪರೀ ಜೈಸೀ ಹೈ!" ಎಂದು ಅವನು ಕಣ್ಣರಳಿಸಿದ. "ಆಪ್ ಉನ್‌ಕೇ ಕೌನ್ ಲಗತೇ ಹೋ?"

ನಾನು ಅವರಿಗೆ ಏನಾಗಬೇಕೆಂದು ಕೇಳುತ್ತಿದ್ದ. "ಬಾಪ್" ಎಂದೆ.

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವನ ಮುಖದಲ್ಲಿ ಗುರುತು ಸಿಕ್ಕ ಸಂತೋಷ. "ಅಚ್ಛಾ! ವೋ ತಕಿಯಾವಾಲೇ ಸಾಹೇಬ್!" ದಿಂಬಿನ ಸಾಹೇಬ! ನನ್ನ ಕೀರ್ತಿ ಆಟೋದವನಿಗೂ ಮುಟ್ಟಿತ್ತು.

ಆಮ್ಲಾ ಎಷ್ಟೋ ವಾಸಿ ಎನಿಸಿತು. ಅಲ್ಲಿದ್ದವರಿಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಹಳಿ, ಹತ್ತಾರು ಸ್ಟೇಷನ್ನು ಅಡ್ಡ ಬಂದವು ಎಂದಾದರೂ ಹೇಳಿಕೊಳ್ಳಬಹುದು. ನನಗೆ ಅಡ್ಡ ಬಂದದ್ದು ಒಂದು ಬಾಗಿಲು ಮತ್ತು ನಾನು.

ಬಾಗಿಲಲ್ಲಿ ನಿಂತು ಪದ್ಧತಿಯಂತೆ ಕೆಮ್ಮಿದೆ. ಸಕ್ಕರೆ ಪೊಟ್ಟಣ ಒಪ್ಪಿಸಿದೆ. ಅತ್ತೆ ದಾರಿ ಬಿಟ್ಟರು.

ಸಂಹಿತಾ ದಿಂಬಿಗೆ ಒರಗಿ ಕೂತಿದ್ದಳು. ಹೌದು, ಅದೇ ದಿಂಬು. ಅವಳ ಮಡಿಲಲ್ಲಿ ಹಳೆಯ ಮೈಸೂರು ಸೀರೆಯಲ್ಲಿ ಸುತ್ತಿದ ಒಂದು ಸಣ್ಣ ಗಂಟು, ಗಂಟಿನ ತುದಿಯಲ್ಲಿ ಒಂದು ಕೆಂಪು ಮುಖ.

"ನಿಮ್ಮಮ್ಮ ರಾತ್ರಿಯೆಲ್ಲ ಒಂದು ಮಾತಾಡ್ಲಿಲ್ಲ ಪ್ರಸಾದ್" ಎಂದಳು. "ಕೈ ಹಿಡ್ಕೊಂಡು ಸುಮ್ಮನೆ ಕೂತಿದ್ರು. ನಾನು ಅವರ ಕೈ ಗೀರಿ ಗಾಯ ಮಾಡಿದ್ರೂ ಬಿಡಿಸ್ಕೊಳ್ಳಲಿಲ್ಲ."

ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅವಳು ಅದಕ್ಕೆ ಅವಕಾಶ ಕೊಡದೆ ಮಗುವನ್ನು ಎತ್ತಿ ನನ್ನ ಕೈಯಲ್ಲಿಟ್ಟಳು. ಎಷ್ಟು ಹಗುರ! ಅಂಗೈ ಬೆಚ್ಚಗಾಯಿತು. ಮಗು ಒಂದು ಕಣ್ಣು ತೆರೆದು, ಡ್ಯೂಟಿಗೆ ತಡವಾಗಿ ಬಂದವನನ್ನು ನಾನು ನೋಡುವ ಹಾಗೆಯೇ, ನನ್ನನ್ನು ನೋಡಿತು. 'ಅತ್ತೆ ಇದ್ದಾರೆ, ಅವ್ವ ಬಾಗಿಲಲ್ಲಿ ಪೋಹೆ ತಿನ್ನುತ್ತ ನಿಂತಿದ್ದಾಳೆ, ಸಿಸ್ಟರ್ ನೀರಿನ ಲೋಟ ಹಿಡಿದು ಮತ್ತೆ ಬರುತ್ತಿದ್ದಾರೆ' ಎಂಬ ಪರಿವೆಯೂ ಇಲ್ಲದೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಸಂಹಿತಾ ದಿಂಬಿಗೆ ಇನ್ನಷ್ಟು ಒರಗಿಕೊಂಡಳು. ಆಮೇಲೆ ಆ ಮೈಸೂರಿನ ಹುಡುಗಿ, ನನ್ನದೇ ಹುಬ್ಬಳ್ಳಿ ಮಾತಿನಲ್ಲಿ, ಒಂದಕ್ಷರ ತಪ್ಪದೆ ಹೇಳಿದಳು:

"ಶಹಬ್ಬಾಸ್! ಭಾಳ ಖರೇ ಅನಸಾಕತ್ತೈತಿ. ಇನ್ನೂ ಸ್ವಲ್ಪ ಜೋರ ಮಾಡು!"